ರಕ್ತದ ಚೀಟಿ ನಾವೇ ಓದೋಣ

(ಮುಂಡಗೋಡ ತಾಲ್ಲೂಕಿನ ಇಂದೂರಿನಲ್ಲಿ ಕಲಿಕಾ ಕೇಂದ್ರದ ಮಹಿಳೆಯರ ಮುಂದೆ ಶಾಲೆಯ ಅಕ್ಕೋರು ಆಡಿದ ಮಾತು)



ಗದ್ದೆ ಕೆಲಸ ಮುಗಿಸಿ, ಒಲೆ ಮುಂದಿನ ಕೆಲಸ ಮುಗಿಸಿ ಬಂದೀರಿ. ದಣಿದೀರಿ. ಅದಕ್ಕ ಇವತ್ತು ದಣಿವಿನ ಮಾತೇ ಆಡೋಣ.

ದಣಿವು ಎರಡು ತರ. ಒಂದು ದುಡಿದ ದಣಿವು. ರಾತ್ರಿ ಮಲಗಿ ಎದ್ದರೆ ಹೋಗುತ್ತದೆ. ಇನ್ನೊಂದು ಮಲಗಿ ಎದ್ದರೂ ಹೋಗದ ದಣಿವು. ನಮ್ಮವ್ವನಿಗೆ ಬಂದದ್ದು ಎರಡನೆಯದು.

ನಮ್ಮವ್ವ ಕೋಳಿ ಕೂಗುವ ಮೊದಲು ಏಳುವವಳು. ಅಂಥವಳು ಬಿಸಿಲು ಏರಿದರೂ ಕಟ್ಟೆ ಮೇಲೆ ಕೂತಿರತೊಡಗಿದಳು. ಬೇಸಿಗೆಯಲ್ಲೂ ಚಳಿ ಅಂತ ಚಾದರ ಹೊದೆಯುವಳು. ತಲೆ ಬಾಚಿದರೆ ಬಾಚಣಿಗೆ ತುಂಬ ಕೂದಲು. ಮುಖ ಊದಿತು. ದನಿ ದಪ್ಪ ಆಯಿತು. ಸಾರಿಗೆ ಉಪ್ಪು ಹಾಕಿದ್ದು ಮರೆತು ಮತ್ತೆ ಹಾಕುವಳು. ಮನೆಯವರು "ವಯಸ್ಸಾತು" ಅಂದರು. ಓಣಿಯವರು "ಸೊಸೆ ಬಂದಳು, ಅತ್ತಿ ಮೈಗಳ್ಳಿ ಆದಳು" ಅಂದರು. ಅವ್ವ ಎಲ್ಲಾ ಕೇಳಿಸಿಕೊಂಡು ಸುಮ್ಮನಿದ್ದಳು.

ಕಡೆಗೆ ರಕ್ತ ಪರೀಕ್ಷೆ ಮಾಡಿಸಿದೆವು. ಅದು ಸೋಮಾರಿತನ ಅಲ್ಲ, ಥೈರಾಯ್ಡ್ ಕಾಯಿಲೆ ಅಂತ ಗೊತ್ತಾಯಿತು.

ಕುತ್ತಿಗೆಯಲ್ಲಿ ಒಂದು ಚಿಟ್ಟೆ

ಎಲ್ಲರೂ ಕುತ್ತಿಗೆಯ ಮುಂದೆ, ಕೆಳಭಾಗದಲ್ಲಿ ಕೈ ಇಟ್ಟು ನೋಡ್ರಿ. ಅಲ್ಲಿ ಚಿಟ್ಟೆಯ ಆಕಾರದ ಒಂದು ಗ್ರಂಥಿ ಐತಿ. ಅದೇ ಥೈರಾಯ್ಡ್. ಅದು ಒಂದು ರಸ ತಯಾರಿಸಿ ರಕ್ತಕ್ಕೆ ಬಿಡುತ್ತದೆ. ಅದರ ಹೆಸರು ಥೈರಾಕ್ಸಿನ್. ಚೀಟಿಯಲ್ಲಿ ಅದನ್ನು ಟಿ4 ಅಂತ ಬರೆಯುತ್ತಾರೆ.

ಈ ರಸ ಒಲೆಯ ಬೆಂಕಿ ಇದ್ದ ಹಾಗೆ. ಬೆಂಕಿ ಸಣ್ಣದಾದರೆ ಅನ್ನ ಬೇಯಲು ತಡ. ಹಾಗೇ ಈ ರಸ ಕಡಿಮೆಯಾದರೆ ಮೈಯ ಎಲ್ಲಾ ಕೆಲಸ ನಿಧಾನ. ಹೃದಯ ನಿಧಾನ, ಹೊಟ್ಟೆ ನಿಧಾನ, ಯೋಚನೆಯೂ ನಿಧಾನ. ಮಲಬದ್ಧತೆ ಆಗುತ್ತದೆ. ಮೈ ತೂಕ ಏರುತ್ತದೆ. ಚರ್ಮ ಒಣಗುತ್ತದೆ. ಮುಟ್ಟು ಏರುಪೇರಾಗುತ್ತದೆ.

ಇದು ಅಪರೂಪದ ಕಾಯಿಲೆ ಅಲ್ಲ. ನಮ್ಮ ದೇಶದ 8 ದೊಡ್ಡ ನಗರಗಳಲ್ಲಿ ಪರೀಕ್ಷೆ ಮಾಡಿ 2013ರಲ್ಲಿ ವರದಿ ಪ್ರಕಟಿಸಿದರು. ಬೆಂಗಳೂರೂ ಅದರಲ್ಲಿತ್ತು. ಹೆಚ್ಚೂ ಕಡಿಮೆ 10 ಜನರಲ್ಲಿ ಒಬ್ಬರಿಗೆ ಈ ಕೊರತೆ ಇತ್ತು. ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು.

ಹಿಂದೆ ಇದಕ್ಕೆ ಔಷಧವೇ ಇರಲಿಲ್ಲ. 1891ರಲ್ಲಿ ಇಂಗ್ಲೆಂಡಿನ ಜಾರ್ಜ್ ಮರ‍್ರೆ ಎಂಬ ಡಾಕ್ಟರು ಕುರಿಯ ಥೈರಾಯ್ಡಿನಿಂದ ರಸ ತೆಗೆದು 46 ವರ್ಷದ ಒಬ್ಬ ಹೆಂಗಸಿಗೆ ಸೂಜಿ ಚುಚ್ಚಿ ಕೊಟ್ಟರು. ಆಕೆ ಗುಣ ಕಂಡಳು. ಔಷಧ ಬಿಡದೆ ತೆಗೆದುಕೊಂಡು ಮತ್ತೆ 28 ವರ್ಷ ಬದುಕಿದಳು. ಈಗ ಕುರಿಯೂ ಬೇಡ, ಸೂಜಿಯೂ ಬೇಡ. ಸಣ್ಣ ಮಾತ್ರೆ ಸಾಕು.

ಕೂಗಿನ ಲೆಕ್ಕ

ಈಗ ಚೀಟಿಗೆ ಬರೋಣ. ಅದರಲ್ಲಿ ಮುಖ್ಯವಾದದ್ದು ಇಂಗ್ಲಿಷಿನ ಮೂರು ಅಕ್ಷರ. ಟಿ, ಎಸ್, ಎಚ್. ಗುರುತು ಹೇಳುತ್ತೇನೆ. ಟಿ ಅಂದ್ರ ಒಂದು ಕಂಬ, ಅದರ ಮೇಲೆ ಅಡ್ಡ ತೊಲೆ. ಎಸ್ ಅಂದ್ರ ಹಾವು ಹೊರಳಿದಂಗ. ಎಚ್ ಅಂದ್ರ ಎರಡು ಗೂಟ, ನಡುವೆ ಒಂದು ಅಡ್ಡ ಬಡಿಗಿ. ಈ ಮೂರು ಜೊತೆಗಿರುವ ಸಾಲಿನ ಮೇಲೆ ಬೆರಳಿಡಿ.

ಟಿ.ಎಸ್.ಎಚ್. ಅಂದರೆ ಏನು? ಮಿದುಳಿನ ಬುಡದಲ್ಲಿ ಬಟಾಣಿ ಕಾಳಿನಷ್ಟು ಇನ್ನೊಂದು ಗ್ರಂಥಿ ಇದೆ. ಅದು ಥೈರಾಯ್ಡಿಗೆ ಯಜಮಾನ ಇದ್ದ ಹಾಗೆ. "ಕೆಲಸ ಮಾಡು" ಅಂತ ಕೂಗುತ್ತದೆ. ಆ ಕೂಗೇ ಟಿ.ಎಸ್.ಎಚ್.

ಗದ್ದೆಯ ಬದುವಿನ ಮೇಲೆ ಯಜಮಾನ ನಿಂತಿದ್ದಾನೆ ಅಂತ ತಿಳೀರಿ. ಆಳು ಸರಿಯಾಗಿ ಕೆಲಸ ಮಾಡಿದರೆ ಯಜಮಾನ ಮೆಲ್ಲಗೆ ಮಾತಾಡುತ್ತಾನೆ. ಆಳು ನಿಧಾನ ಮಾಡಿದರೆ ಕೂಗುತ್ತಾನೆ. ಇನ್ನೂ ನಿಧಾನ ಆದರೆ ಊರಿಗೇ ಕೇಳುವ ಹಾಗೆ ಕೂಗುತ್ತಾನೆ. ಕೆಲಸ ಹೆಚ್ಚಾಗಿಬಿಟ್ಟರೆ ಬಾಯಿ ಮುಚ್ಚುತ್ತಾನೆ.

ಆದ್ದರಿಂದ ಈ ಲೆಕ್ಕ ಉಲ್ಟಾ. ಟಿ.ಎಸ್.ಎಚ್. ಏರಿದರೆ ಮೈಯಲ್ಲಿ ರಸ ಕಡಿಮೆ. ಟಿ.ಎಸ್.ಎಚ್. ತೀರಾ ಇಳಿದರೆ ಮೈಯಲ್ಲಿ ರಸ ಹೆಚ್ಚು. ಬಹಳ ಮಂದಿ ಇಲ್ಲೇ ತಪ್ಪುತ್ತಾರೆ. "ಥೈರಾಯ್ಡ್ ಜಾಸ್ತಿ ಆಗೈತಿ, ಮಾತ್ರೆ ಕಡಿಮೆ ಮಾಡಬೇಕು" ಅನ್ನುತ್ತಾರೆ. ಜಾಸ್ತಿ ಆಗಿರುವುದು ಕೂಗು. ರಸ ಅಲ್ಲ.

ಚೀಟಿ ಓದುವ ಬಗೆ

ಚೀಟಿಯಲ್ಲಿ ಸಾಮಾನ್ಯವಾಗಿ ಎರಡು ಕಡೆ ಅಂಕಿ ಇರುತ್ತವೆ. ಒಂದು ನಿಮ್ಮ ಅಂಕಿ. ಇನ್ನೊಂದು ಇರಬೇಕಾದ ಅಂಕಿ. ಇರಬೇಕಾದ ಟಿ.ಎಸ್.ಎಚ್. ಸುಮಾರು 0.4ರಿಂದ 4.0. ಒಂದೊಂದು ಲ್ಯಾಬಿನಲ್ಲಿ ಇದು ಸ್ವಲ್ಪ ಬೇರೆ ಇರಬಹುದು. ಅದಕ್ಕೆ ನಿಮ್ಮ ಚೀಟಿಯಲ್ಲಿ ಅಚ್ಚಾದ ಅಂಕಿಯನ್ನೇ ನೋಡಿ.

ಚುಕ್ಕಿ ಮರೆಯಬೇಡಿ. 4.5 ಬೇರೆ, 45 ಬೇರೆ. ಒಂದು ಚುಕ್ಕಿಗೆ ಹತ್ತು ಪಟ್ಟು ವ್ಯತ್ಯಾಸ.

ಈಗ ಎರಡೂ ಸಾಲು ಕೂಡಿಸಿ ಓದೋಣ.

ಟಿ.ಎಸ್.ಎಚ್. ಹೆಚ್ಚು, ಟಿ4 ಕಡಿಮೆ: ರಸ ಸಾಲದು. ಮಾತ್ರೆ ಶುರು ಮಾಡಬೇಕು, ಇಲ್ಲವೇ ಹೆಚ್ಚಿಸಬೇಕು.

ಎರಡೂ ಸರಿ: ಮಾತ್ರೆಯ ಅಳತೆ ಸರಿ ಇದೆ. ಹಾಗೇ ಮುಂದುವರಿಸಬೇಕು.

ಟಿ.ಎಸ್.ಎಚ್. ಕಡಿಮೆ, ಟಿ4 ಹೆಚ್ಚು: ಮಾತ್ರೆ ಹೆಚ್ಚಾಗಿರಬಹುದು. ಎದೆ ಬಡಿತ, ಕೈ ನಡುಕ, ಬೆವರು, ನಿದ್ದೆ ಬಾರದಿರುವುದು ಕಾಣಬಹುದು. ಬಹಳ ಕಾಲ ಹೀಗೇ ಇದ್ದರೆ ವಯಸ್ಸಾದವರ ಮೂಳೆ ಸವೆಯುತ್ತದೆ.

ಟಿ.ಎಸ್.ಎಚ್. ಹೆಚ್ಚು, ಟಿ4 ಸರಿ: ಕೊರತೆ ಸ್ವಲ್ಪ ಇರಬಹುದು. ಇನ್ನೂ ಮಾತ್ರೆ ಶುರು ಮಾಡದವರಲ್ಲಿ ಹೀಗೆ ಕಂಡರೆ ಡಾಕ್ಟರು ಕೆಲವು ಸಲ ಎರಡು ಮೂರು ತಿಂಗಳು ಬಿಟ್ಟು ಮತ್ತೆ ಪರೀಕ್ಷೆ ಮಾಡಿಸುತ್ತಾರೆ.

ಮಾತ್ರೆ ನುಂಗುವವರಲ್ಲಿ ಇದೇ ಚೀಟಿ ಇನ್ನೊಂದು ಗುಟ್ಟೂ ಹೇಳಬಹುದು. ತಿಂಗಳುಗಟ್ಟಲೆ ಮಾತ್ರೆ ತಪ್ಪಿಸಿ, ಪರೀಕ್ಷೆಗೆ ನಾಲ್ಕು ದಿನ ಮೊದಲು ಸರಿಯಾಗಿ ನುಂಗಿ ಹೋದರೆ ಹೀಗೆ ಬರುತ್ತದೆ. ಟಿ4 ಅಂದರೆ ಈಗ ಕೈಯಲ್ಲಿರುವ ರೊಕ್ಕ. ಟಿ.ಎಸ್.ಎಚ್. ಅಂದರೆ ವಾರಗಟ್ಟಲೆ ಬರೆದ ಖರ್ಚಿನ ಲೆಕ್ಕ. ಅದಕ್ಕೆ ತಪ್ಪಿದ್ದರೆ ಡಾಕ್ಟರ ಮುಂದೆ ನಿಜ ಹೇಳಿಬಿಡಿ. ಇಲ್ಲವಾದರೆ ಅವರು ಸುಮ್ಮನೆ ಅಳತೆ ಹೆಚ್ಚಿಸಬೇಕಾಗುತ್ತದೆ.

ನಮ್ಮ ಮನೆಯಲ್ಲಿ ಆದ ತಪ್ಪು

ಅವ್ವನ ಮೊದಲ ಚೀಟಿಯಲ್ಲಿ ಟಿ.ಎಸ್.ಎಚ್. 38 ಇತ್ತು. ಡಾಕ್ಟರು 50ರ ಮಾತ್ರೆ ಕೊಟ್ಟರು. ಆರು ವಾರ ಆದ ಮೇಲೆ 14ಕ್ಕೆ ಇಳಿಯಿತು. ಇನ್ನೂ ಇಳಿಯಬೇಕು ಅಂತ 75ರ ಮಾತ್ರೆ ಬರೆದುಕೊಟ್ಟರು. ನಾನು ಹೊಸ ಬಾಟಲಿ ತಂದು ಗೂಡಿನಲ್ಲಿಟ್ಟೆ. "ಅವ್ವ, ಇನ್ನ ಇದನ್ನ ನುಂಗು" ಅಂತ ಹೇಳಿ ಶಾಲೆಗೆ ಹೋದೆ.

ಎಂಟು ವಾರ ಬಿಟ್ಟು ಮತ್ತೆ ಪರೀಕ್ಷೆ. ಟಿ.ಎಸ್.ಎಚ್. 13. ಇಳಿದೇ ಇಲ್ಲ. ಅವ್ವನ ಸುಸ್ತೂ ಹೋಗಿಲ್ಲ. ನನಗೆ ಸಿಟ್ಟು ಬಂತು. ಔಷಧ ಸರಿ ಇಲ್ಲ ಅಂದೆ. ಡಾಕ್ಟರು ಸಮಾಧಾನದಿಂದ "ಬಾಟ್ಲಿ ತಗೊಂಡು ಬರ್ರಿ" ಅಂದರು.

ಒಯ್ದು ನೋಡಿದರೆ ಹೊಸ ಬಾಟಲಿಯ ಮುಚ್ಚಳ ಒಡೆದೇ ಇರಲಿಲ್ಲ. ಹಳೇ ಬಾಟಲಿಯಲ್ಲಿ 100 ಮಾತ್ರೆ ಇದ್ದವು. ಮೊದಲ ಆರು ವಾರಕ್ಕೆ 42 ಮುಗಿದು 58 ಉಳಿದಿದ್ದವು. ಅವ್ವ ಅವನ್ನೇ ನುಂಗುತ್ತಿದ್ದಳು. "ರೊಕ್ಕ ಕೊಟ್ಟು ತಂದದ್ದು. ಚೆಲ್ಲೋದು ಯಾಕ, ಮೊದಲ ಇದು ಮುಗೀಲಿ ಅಂದ್ಕೊಂಡೆ. ಎರಡೂ ಒಂದೇ ತರ ಅದಾವಲ್ಲ" ಅಂದಳು.

ಬಾಟಲಿ ಒಂದೇ ತರ. ಅಂಕಿ ಬೇರೆ. ಒಂದರ ಮೇಲೆ 50, ಇನ್ನೊಂದರ ಮೇಲೆ 75. ನಾನು ದಿನಾ ಊರ ಮಕ್ಕಳಿಗೆ ಅಂಕಿ ಕಲಿಸುವವಳು. ನಮ್ಮವ್ವನಿಗೆ ಎರಡು ಅಂಕಿ ಕಲಿಸಿರಲಿಲ್ಲ. ಅವಳು ಮತ್ತೆ ಎರಡು ತಿಂಗಳು ದಣಿದದ್ದು ನನ್ನ ತಪ್ಪಿನಿಂದ.

ಆವತ್ತು ರಾತ್ರಿ ಸ್ಲೇಟು ತಂದೆ. ಅವ್ವನಿಗೆ 50, 75 ಬರೆದು ತೋರಿಸಿದೆ. ಮುಂದಿನ ಸಲ ಅಳತೆ ಸರಿಯಾಗಿ ಹೋಯಿತು. ಟಿ.ಎಸ್.ಎಚ್. 3.1 ಬಂತು. ಅದನ್ನು ಅವ್ವನೇ ಓದಿದಳು. "ಮೂರು, ಚುಕ್ಕಿ, ಒಂದು" ಅಂತ.

ನಾರ್ಮಲ್ ಬಂದರೆ ಮಾತ್ರೆ ಬಿಡಬಹುದೇ?

ಇದು ಎಲ್ಲರೂ ಕೇಳುವ ಪ್ರಶ್ನೆ. ನಾನು ತಿರುಗಿ ಕೇಳುತ್ತೇನೆ. ಕಂದೀಲು ಚೆನ್ನಾಗಿ ಉರೀತೈತಿ ಅಂತ ಎಣ್ಣೆ ಹಾಕೋದು ಬಿಡ್ತೀರೇನ್ರಿ? ಎಣ್ಣೆ ಇರುವುದಕ್ಕೇ ಅದು ಉರಿಯುತ್ತಿದೆ.

ಚೀಟಿ ನಾರ್ಮಲ್ ಅಂದರೆ ಮಾತ್ರೆ ತನ್ನ ಕೆಲಸ ಮಾಡುತ್ತಿದೆ ಅಂತ ಅರ್ಥ. ಥೈರಾಯ್ಡ್ ತಾನೇ ಸರಿಯಾಯಿತು ಅಂತ ಅರ್ಥ ಅಲ್ಲ. ಬಹಳ ಜನರಿಗೆ ಇದು ಜೀವನಪೂರ್ತಿ ಬೇಕು. ಕೆಲವರಿಗೆ ಮಾತ್ರ ನಿಲ್ಲಿಸಬಹುದು. ಅದನ್ನು ಡಾಕ್ಟರು ಹೇಳಬೇಕು, ನಾವಲ್ಲ.

ಯಾವಾಗ ಪರೀಕ್ಷೆ? ಹೇಗೆ ಮಾತ್ರೆ?

ಇವತ್ತು ನುಂಗಿದ ಮಾತ್ರೆಯ ರಸ ಒಂದು ವಾರ ಆದರೂ ಅರ್ಧ ಮೈಯಲ್ಲೇ ಇರುತ್ತದೆ. ಮೆಲ್ಲಗೆ ತುಂಬಿ ಮೆಲ್ಲಗೆ ಖಾಲಿ ಆಗುವ ಕೆರೆ ಇದು. ಅದಕ್ಕೆ ಅಳತೆ ಬದಲಾದ ಮೇಲೆ 6ರಿಂದ 8 ವಾರ ಬಿಟ್ಟು ಪರೀಕ್ಷೆ ಮಾಡಿಸಬೇಕು. ಹದಿನೈದು ದಿನಕ್ಕೇ ಮಾಡಿಸಿದರೆ ರೊಕ್ಕ ದಂಡ. ಅಂಕಿ ಸರಿಯಾಗಿ ನಿಂತ ಮೇಲೆ 6 ತಿಂಗಳಿಗೋ ವರ್ಷಕ್ಕೋ ಒಮ್ಮೆ ಸಾಕು.

ಆದಷ್ಟು ಒಂದೇ ಲ್ಯಾಬಿನಲ್ಲಿ, ಬೆಳಿಗ್ಗೆ ಒಂದೇ ಹೊತ್ತಿಗೆ ರಕ್ತ ಕೊಡಿ. ರಕ್ತ ಕೊಟ್ಟ ಮೇಲೆ ಆ ದಿನದ ಮಾತ್ರೆ ನುಂಗಿದರೆ ಟಿ4 ಅಂಕಿ ಸರಿಯಾಗಿ ಬರುತ್ತದೆ. ಕೂದಲು ಉದುರುವುದಕ್ಕೆ ಬಯೋಟಿನ್ ಮಾತ್ರೆ ತಿನ್ನುವವರು ಮೊದಲೇ ತಿಳಿಸಿ. ಅದು ಚೀಟಿಯ ಅಂಕಿಯನ್ನೇ ಕೆಡಿಸಬಹುದು.

ಮಾತ್ರೆಯನ್ನು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ, ಬರೀ ನೀರಿನ ಜೊತೆ ನುಂಗಬೇಕು. ಅರ್ಧ ಗಂಟೆಯಿಂದ ಒಂದು ಗಂಟೆ ಬಿಟ್ಟು ಚಹಾ, ತಿಂಡಿ. ರಕ್ತ ಹೆಚ್ಚಲು ಕೊಡುವ ಕಬ್ಬಿಣದ ಮಾತ್ರೆ, ಮೂಳೆಗೆ ಕೊಡುವ ಸುಣ್ಣದ ಮಾತ್ರೆ ಇದರ ಜೊತೆ ಬೇಡ. ನಡುವೆ 4 ತಾಸು ಬಿಡಿ. ಜೊತೆಗೇ ನುಂಗಿದರೆ ಥೈರಾಯ್ಡ್ ಮಾತ್ರೆ ಮೈಗೆ ಹತ್ತುವುದಿಲ್ಲ. ಒಲೆಯ ಮೇಲಿನ ಗೂಡಿನಲ್ಲಿ ಬಾಟಲಿ ಇಡಬೇಡಿ. ಶಾಖಕ್ಕೆ ಔಷಧ ಕೆಡುತ್ತದೆ.

ಬಸುರಿಯರಿಗೆ ಒಂದು ಮಾತು

ಇದನ್ನು ಮನಸ್ಸಿಟ್ಟು ಕೇಳ್ರಿ. ಮೊದಲ ತಿಂಗಳುಗಳಲ್ಲಿ ಹೊಟ್ಟೆಯಲ್ಲಿರುವ ಕೂಸಿಗೆ ತಾಯಿಯ ರಸವೇ ಆಧಾರ. ಕೂಸಿನ ಮಿದುಳು ಬೆಳೆಯಲು ಅದು ಬೇಕು. ಕೊರತೆಯಾದರೆ ಗರ್ಭ ಇಳಿಯುವ ಅಪಾಯವೂ ಇದೆ. ಬಸುರಿಯರಿಗೆ ಇರಬೇಕಾದ ಅಂಕಿಯೇ ಬೇರೆ, ಇನ್ನೂ ಕಡಿಮೆ. ಬಹಳ ಜನರಿಗೆ ಮಾತ್ರೆ ಹೆಚ್ಚಿಸಬೇಕಾಗುತ್ತದೆ. ಆದ್ದರಿಂದ ಥೈರಾಯ್ಡ್ ಇರುವವರು ಮುಟ್ಟು ನಿಂತ ಕೂಡಲೇ ಡಾಕ್ಟರಿಗೆ ಹೇಳಬೇಕು. "ಬಸುರಿ ಇದ್ದಾಗ ಮಾತ್ರೆ ನುಂಗಬಾರದು" ಅಂತ ಯಾರಾದರೂ ಹೇಳಿದರೆ ಈ ಮಾತ್ರೆಯ ಮಟ್ಟಿಗೆ ಕೇಳಬೇಡಿ.

ನೀವು ಕೇಳಿದ ಪ್ರಶ್ನೆಗಳು

"ಅಕ್ಕೋರ, ಅಯೋಡಿನ್ ಉಪ್ಪು ಜಾಸ್ತಿ ತಿಂದ್ರ ವಾಸಿ ಆಗತೈತೇನು?"

ಇಲ್ಲ. ಥೈರಾಯ್ಡಿಗೆ ಅಯೋಡಿನ್ ಬೇಕು ನಿಜ. ನಮ್ಮ ದೇಶದಲ್ಲಿ 1962ರಿಂದ ಗಳಗಂಡ ತಡೆಯುವ ಸರಕಾರಿ ಕಾರ್ಯಕ್ರಮ ನಡೆದಿದೆ. ಮನೆಗೆ ಅಯೋಡಿನ್ ಸೇರಿದ ಉಪ್ಪನ್ನೇ ತನ್ನಿ. ಪೊಟ್ಟಣದ ಮೇಲೆ ಓದಿ ನೋಡಿ. ಆದರೆ ಈಗ ಬಹಳ ಜನರಲ್ಲಿ ಮೈಯ ರಕ್ಷಣಾ ಶಕ್ತಿಯೇ ಗ್ರಂಥಿಯ ಮೇಲೆ ತಿರುಗಿ ಬಿದ್ದು ಕೊರತೆ ಬರುತ್ತದೆ. ಅದಕ್ಕೆ ಹೆಚ್ಚು ಉಪ್ಪು ಮದ್ದಲ್ಲ.

"ಎಲೆಕೋಸು ಬಿಡಬೇಕಂತ ಹೌದೇನ್ರಿ?"

ಬೇಯಿಸಿ ಹದವಾಗಿ ತಿಂದರೆ ತೊಂದರೆ ಇಲ್ಲ. ಮಾತ್ರೆ ಬಿಡಬೇಡಿ, ಅಷ್ಟೇ.

"ಒಂದಿನ ಮರೆತ್ರ?"

ಗಾಬರಿ ಬೇಡ. ಒಂದು ದಿನಕ್ಕೆ ಕೆರೆ ಬತ್ತುವುದಿಲ್ಲ. ಅದೇ ದಿನ ನೆನಪಾದರೆ ನುಂಗಿ. ಆದರೆ ಬಹಳ ದಿನ ಬಿಟ್ಟು, ಎಲ್ಲಾ ಸೇರಿಸಿ ಒಮ್ಮೆಲೇ ನುಂಗಬೇಡಿ. ಡಾಕ್ಟರನ್ನು ಕೇಳಿ.

ನೆನಪಿಡಿ

ಟಿ.ಎಸ್.ಎಚ್. ಏರಿದರೆ ರಸ ಕಡಿಮೆ. ತೀರಾ ಇಳಿದರೆ ರಸ ಹೆಚ್ಚು.
ಚುಕ್ಕಿ ನೋಡಿ ಓದಿ.
ಬಾಟಲಿ ಮೇಲಿನ ಅಂಕಿ ಮತ್ತು ಡಾಕ್ಟರು ಬರೆದ ಅಂಕಿ ಒಂದೇ ಇರಬೇಕು.
ಅಳತೆ ಬದಲಾದರೆ 6ರಿಂದ 8 ವಾರಕ್ಕೆ ಪರೀಕ್ಷೆ.
ನಾರ್ಮಲ್ ಬಂತು ಅಂತ ಮಾತ್ರೆ ಬಿಡಬೇಡಿ.
ಹಳೇ ಚೀಟಿ ಎಸೆಯಬೇಡಿ. ಎಲ್ಲವನ್ನೂ ಒಂದು ಚೀಲದಲ್ಲಿ ಇಡಿ.

ಚೀಟಿ ಓದಿದ ಮಾತ್ರಕ್ಕೆ ನಾವು ಡಾಕ್ಟರು ಆಗುವುದಿಲ್ಲ. ಅಳತೆ ಹೇಳುವುದು ಅವರ ಕೆಲಸ. ಆದರೆ ಓದಿದರೆ ಕೇಳಲು ಬಾಯಿ ಬರುತ್ತದೆ. "ನನ್ನ ಟಿ.ಎಸ್.ಎಚ್. ಎಷ್ಟೈತ್ರಿ? ಹೋದ ಸಲಕ್ಕಿಂತ ಇಳಿದೈತೇನ್ರಿ?" ಅಂತ ಕೇಳಿ. ಕೇಳುವ ಹಕ್ಕು ನಿಮಗಿದೆ.

ನಮ್ಮವ್ವ ಈಗ ಮತ್ತೆ ಕೋಳಿ ಕೂಗುವ ಮೊದಲು ಏಳುತ್ತಾಳೆ. ಬಾಟಲಿ ದೀಪದ ಬೆಳಕಿಗೆ ಹಿಡಿದು ಅಂಕಿ ನೋಡಿ, ಆಮೇಲೆ ಮಾತ್ರೆ ನುಂಗುತ್ತಾಳೆ.

ನಿಮ್ಮ ಓಣಿಯಲ್ಲೂ ಯಾರಾದರೂ ಮಲಗಿ ಎದ್ದರೂ ದಣಿದೇ ಇದ್ದರೆ, ಅವಳನ್ನು ಮೈಗಳ್ಳಿ ಅನ್ನಬೇಡಿ. ಒಮ್ಮೆ ರಕ್ತ ಪರೀಕ್ಷೆ ಮಾಡಿಸು ಅಂತ ಹೇಳಿ.

ಬರುವ ವಾರ ನಿಮ್ಮ ಮನೆಯ ಔಷಧದ ಬಾಟಲಿ ತಗೊಂಡು ಬರ್ರಿ. ಅದರ ಮೇಲಿನ ಅಂಕಿಯನ್ನೇ ಸ್ಲೇಟಿನ ಮೇಲೆ ಬರೆಯೋಣ.