ಮೊದಲ ಸಾವಿರದ ಐನೂರು ಗಂಟೆ



ಅಹಮದಾಬಾದಿನಲ್ಲಿ ನಾವಿಂದು ಕೂಡಿರುವ ಬಡಾವಣೆಯ ಹೆಸರೇ ಸ್ಯಾಟಲೈಟ್. ಪಕ್ಕದ ಜೋಧಪುರ ಟೇಕರಾದಲ್ಲಿ ಇಸ್ರೋದ ಬಾಹ್ಯಾಕಾಶ ಅನ್ವಯಿಕ ಕೇಂದ್ರವಿದೆ. ಉಡುಪಿ ಬಳಿಯ ಅದಮಾರಿನ ಯು.ಆರ್. ರಾವ್ ಅವರು ಇದೇ ಊರಿನ ಭೌತ ಸಂಶೋಧನಾಲಯದಲ್ಲಿ ವಿಕ್ರಂ ಸಾರಾಭಾಯಿಯವರ ಕೈಕೆಳಗೆ ಸಂಶೋಧನೆ ನಡೆಸಿದವರು. ಹಾಸನದ ಎ.ಎಸ್. ಕಿರಣ್ ಕುಮಾರ್ ಅವರು ಈ ಅನ್ವಯಿಕ ಕೇಂದ್ರದ ನಿರ್ದೇಶಕರಾಗಿದ್ದು ಮುಂದೆ ಇಸ್ರೋ ಅಧ್ಯಕ್ಷರಾದರು. 1975–76ರ ‘ಸೈಟ್’ ಪ್ರಯೋಗದಲ್ಲಿ ಕಲಬುರಗಿ, ರಾಯಚೂರು, ವಿಜಯಪುರ ಜಿಲ್ಲೆಗಳ ಹಳ್ಳಿಗಳು ಉಪಗ್ರಹದ ಮೂಲಕ ಟಿ.ವಿ. ನೋಡಿದ್ದರ ಹಿಂದೆ ಈ ಊರಿನ ಎಂಜಿನಿಯರುಗಳ ದುಡಿಮೆಯಿತ್ತು. ಹೀಗೆ ಇಲ್ಲಿನ ಕನ್ನಡಿಗರಿಗೂ ಆಕಾಶಕ್ಕೂ ಹಳೆಯ ನಂಟು. ಆ ತಲೆಮಾರು ನೆಲದ ಮೇಲೆ ಕೂತು ಆಕಾಶವನ್ನು ಓದಿತು. ಈಗಿನ ಮಕ್ಕಳಿಗೆ ಅಲ್ಲೇ ಹೋಗಿ ಕೂರುವ ಆಸೆ. ವಡೋದರಾದ ಫ್ಲೈಯಿಂಗ್ ಕ್ಲಬ್ಬು, ಮೆಹಸಾಣಾದ ತರಬೇತಿ ಶಾಲೆಗಳು ಮನೆಯಿಂದ ದೂರವೇನಲ್ಲ. ಸಿಪಿಎಲ್, ಅಂದರೆ ವಾಣಿಜ್ಯ ಪೈಲಟ್ ಪರವಾನಗಿ, ಕೈಗೆ ಬಂದ ಮರುದಿನದಿಂದ ಮನೆಯಲ್ಲಿ ಒಂದೇ ಪ್ರಶ್ನೆ: ಎಟಿಆರ್‌ಗೆ ಹೋಗುವುದೋ, ಏರ್‌ಬಸ್‌ಗೆ ಕಾಯುವುದೋ? ಟರ್ಬೊಪ್ರಾಪೋ, ಜೆಟ್ಟೋ? ಈ ಪ್ರಶ್ನೆಯೊಂದನ್ನೇ ಹಿಡಿದು ಮಾತಾಡಲು ನಿಮ್ಮ ಅಪ್ಪಣೆ ಬೇಡುತ್ತೇನೆ.

ಮೊದಲು ಯಂತ್ರಗಳ ವಿಚಾರ. ಎರಡರ ಒಡಲಲ್ಲೂ ಇರುವುದು ಗ್ಯಾಸ್ ಟರ್ಬೈನೇ. ಜೆಟ್ ಎಂಜಿನ್ ಗಾಳಿಯನ್ನು ರಭಸವಾಗಿ ಹಿಂದಕ್ಕೆ ಉಗುಳಿ ವಿಮಾನವನ್ನು ಮುಂದೆ ನೂಕುತ್ತದೆ. ಟರ್ಬೊಪ್ರಾಪಿನಲ್ಲಿ ಟರ್ಬೈನಿನ ಬಲ ಗೇರ್‌ಬಾಕ್ಸ್ ದಾಟಿ ಪ್ರೊಪೆಲರಿಗೆ ಹೋಗುತ್ತದೆ. ಪ್ರೊಪೆಲರು ರಾಶಿ ಗಾಳಿಯನ್ನು ಮೆಲ್ಲಗೆ ತಳ್ಳುತ್ತದೆ, ಹಾಗಾಗಿ ಕಡಿಮೆ ವೇಗದಲ್ಲಿ ಇಂಧನ ಉಳಿಯುತ್ತದೆ. ಟರ್ಬೊಪ್ರಾಪ್ ಆದ ಎಟಿಆರ್ 72 ವಿಮಾನ ಗಂಟೆಗೆ ಸುಮಾರು 500 ಕಿ.ಮೀ. ಓಡಿದರೆ ಜೆಟ್ ಆದ ಏರ್‌ಬಸ್ ಎ320 ಸುಮಾರು 830 ಕಿ.ಮೀ. ಓಡುತ್ತದೆ. ಅಹಮದಾಬಾದಿನಿಂದ ಬೆಂಗಳೂರಿಗೆ ಆಕಾಶಮಾರ್ಗದಲ್ಲಿ ಸುಮಾರು 1200 ಕಿ.ಮೀ. ಅಲ್ಲಿ ಈ ವ್ಯತ್ಯಾಸ ಹೆಚ್ಚುಕಡಿಮೆ ಒಂದು ಗಂಟೆಯಾಗುತ್ತದೆ, ಜೆಟ್ಟಿಗೆ ಎದುರಿಲ್ಲ. ಬೆಂಗಳೂರಿನಿಂದ ಶಿವಮೊಗ್ಗಕ್ಕೆ 230 ಕಿ.ಮೀ. ಆಸುಪಾಸು. ಕಾಗದದ ಮೇಲೆ ಅಲ್ಲಿ ಜೆಟ್ಟು ಉಳಿಸುವುದು ಹತ್ತು ಹನ್ನೊಂದು ನಿಮಿಷ, ಆಕಾಶದಲ್ಲಿ ಅಷ್ಟೂ ಇಲ್ಲ. ಮೇಲೇರಿ ವೇಗ ಹಿಡಿಯುವಷ್ಟರಲ್ಲಿ ಇಳಿಯುವ ಹೊತ್ತು ಬಂದಿರುತ್ತದೆ. 2023ರ ಆಗಸ್ಟ್ 31ರಂದು ಶಿವಮೊಗ್ಗಕ್ಕೆ ಬಂದ ಮೊದಲ ಪ್ರಯಾಣಿಕ ವಿಮಾನ ಎಟಿಆರ್ ಆಗಿದ್ದದ್ದು ಆಕಸ್ಮಿಕವಲ್ಲ. ಮೈಸೂರಿನ ರನ್‌ವೇ 1740 ಮೀಟರ್, ಲಕ್ಷದ್ವೀಪದ ಅಗತ್ತಿಯದು ಸುಮಾರು 1200 ಮೀಟರ್. ಇಂಥ ಊರುಗಳಿಗೆ ಪ್ರೊಪೆಲರ್ ವಿಮಾನವೇ ಗತಿ. ಆದ್ದರಿಂದ ಯಾವುದು ಮೇಲು, ಯಾವುದು ಕೀಳು ಎಂಬ ಚರ್ಚೆ ಯಂತ್ರದ ಮಟ್ಟದಲ್ಲಿ ಅರ್ಥಹೀನ. ಕಲಿಯುವ ಕೈಗೆ ಯಾವುದು ಒಳ್ಳೆಯದು ಎಂಬ ಪ್ರಶ್ನೆಗೆ ಮಾತ್ರ ಅರ್ಥವಿದೆ.

ನನ್ನ ವಾದ ಇಷ್ಟೇ. ಪೈಲಟ್‌ನ ಕೈ ಪಳಗುವುದು ಮೊದಲ 1500 ಗಂಟೆಗಳಲ್ಲಿ. ನಂಬಿಕೆಗೆ ಅರ್ಹವಾದ ಸಂಸ್ಥೆಯಲ್ಲಿ ಟರ್ಬೊಪ್ರಾಪ್ ಸಿಗುವುದಾದರೆ ಆ ಗಂಟೆಗಳನ್ನು ಅಲ್ಲಿ ಕಳೆಯುವುದು ಲಾಭವೇ ಹೊರತು ತ್ಯಾಗವಲ್ಲ. 1500 ಎಂಬ ಅಂಕಿ ನನ್ನ ಕಲ್ಪನೆಯಲ್ಲ. ನಮ್ಮ ದೇಶದಲ್ಲಿ ಸಿಪಿಎಲ್‌ಗೆ 200 ಗಂಟೆ ಹಾರಾಟ ಬೇಕು, ಕ್ಯಾಪ್ಟನ್ ಸೀಟಿಗೆ ಬೇಕಾದ ಪರವಾನಗಿ ಎಟಿಪಿಎಲ್‌ಗೆ 1500. ಕೈಯಲ್ಲಿರುವ 200 ಕಳೆದರೆ ಉಳಿಯುವುದು 1300 ಗಂಟೆ. ಒಂದು ಗಂಟೆಯ ಸೆಕ್ಟರುಗಳಲ್ಲಿ, ಅಂದರೆ ಏರಿ ಇಳಿಯುವ ಒಂದೊಂದು ಹಾರಾಟದಲ್ಲಿ, ಅವನ್ನು ಗಳಿಸಿದರೆ 1300 ಸಲ ವಿಮಾನ ಇಳಿಯುತ್ತದೆ. ಎರಡು ಗಂಟೆಯ ಸೆಕ್ಟರುಗಳಲ್ಲಾದರೆ 650 ಸಲ. ಇಬ್ಬರು ಪೈಲಟ್‌ಗಳು ಸರದಿಯ ಮೇಲೆ ಇಳಿಸುತ್ತಾರೆಂದರೆ ಒಬ್ಬರ ಪಾಲಿಗೆ 650 ಒಂದು ಕಡೆ, 325 ಇನ್ನೊಂದು ಕಡೆ. ಹೊಸಬರ ಕೈಗೆ ಎಲ್ಲ ಲ್ಯಾಂಡಿಂಗೂ ಸಿಗುವುದಿಲ್ಲ ಎಂದು ಎರಡೂ ಕಡೆ ಅಷ್ಟಷ್ಟು ಕಡಿಮೆ ಮಾಡಿ, ಅನುಪಾತ ಹಾಗೆಯೇ ಉಳಿಯುತ್ತದೆ. ಹಾರಾಟದಲ್ಲಿ ತೀರ್ಮಾನಗಳು ದಟ್ಟವಾಗಿ ಬರುವುದು ಏರುವಾಗ, ಇಳಿಯುವಾಗ. ನಡುವಿನ ಹೊತ್ತು ಬಹುಪಾಲು ನಿಗಾ ಇಡುವ ಕೆಲಸ. ಲಾಗ್‌ಬುಕ್ಕಿನಲ್ಲಿ ಗಂಟೆ ಗಂಟೆಗೆ ಸಮ ಎಂದು ಕಂಡರೂ ಕಲಿಕೆಯಲ್ಲಿ ಸಮವಲ್ಲ.

ಆ ಒಂದು ಗಂಟೆಯೊಳಗೆ ಏನು ನಡೆಯುತ್ತದೆ ಎಂಬುದನ್ನೂ ಹತ್ತಿರದಿಂದ ನೋಡಬೇಕು. ಜೆಟ್ಟುಗಳ ಬಾಲದಲ್ಲಿ ನಿಲುಗಡೆಯ ಹೊತ್ತಿಗೆ ಕರೆಂಟು ಕೊಡುವ ಚಿಕ್ಕದೊಂದು ಎಂಜಿನ್ ಇರುತ್ತದೆ. ಎಟಿಆರ್ 72ರಲ್ಲಿ ಅದಿಲ್ಲ. ಬಲಗಡೆಯ ಎಂಜಿನ್ ಓಡುತ್ತಿರುವಾಗಲೇ ಅದರ ಪ್ರೊಪೆಲರಿಗೆ ಮಾತ್ರ ಬ್ರೇಕ್ ಹಾಕಿ, ವಿಮಾನಕ್ಕೆ ಬೇಕಾದ ವಿದ್ಯುತ್ತನ್ನೂ ಗಾಳಿಯನ್ನೂ ಅದರಿಂದಲೇ ಪಡೆಯುತ್ತಾರೆ. ಪೈಲಟ್‌ಗಳ ಭಾಷೆಯಲ್ಲಿ ಇದು ‘ಹೋಟೆಲ್ ಮೋಡ್’. ಪ್ರಯಾಣಿಕರು ಎಡಗಡೆಯ ಹಿಂಬಾಗಿಲಿನಿಂದ ಹತ್ತುತ್ತಿರುವಾಗ ಮುಂದೆ ಕೂತವರು ಆಗಲೇ ಜೀವಂತ ಎಂಜಿನ್ನೊಂದರ ಹೊಣೆ ಹೊತ್ತಿರುತ್ತಾರೆ. ಎ320ರಲ್ಲಿ ಆಟೊಥ್ರಸ್ಟ್ ಇದೆ, ವೇಗವನ್ನು ಕಂಪ್ಯೂಟರ್ ಕಾಯುತ್ತದೆ. ಎಟಿಆರ್‌ನಲ್ಲಿ ಅದಿಲ್ಲ, ಪವರ್ ಲಿವರ್ ಸದಾ ಕೈಯಲ್ಲೇ ಇರಬೇಕು. ಪವರ್ ಹೆಚ್ಚಿಸಿದರೆ ಮೂಗು ಪಕ್ಕಕ್ಕೆ ವಾಲುತ್ತದೆ, ಕಾಲು ರಡರ್ ಮೇಲೆ ಉತ್ತರ ಕೊಡಬೇಕು. ಜೆಟ್ಟು 35,000 ಅಡಿಗೆ ಏರಿ ಮಳೆಮೋಡಗಳ ಎಷ್ಟೋ ಭಾಗವನ್ನು ಕೆಳಗೆ ಬಿಡುತ್ತದೆ. ಎಟಿಆರ್‌ನ ಮಿತಿ 25,000 ಅಡಿ. ಆಷಾಢದಲ್ಲಿ ಪಶ್ಚಿಮ ಘಟ್ಟ ದಾಟುವಾಗ ಅದು ಮೋಡಗಳ ನಡುವೆಯೇ ದಾರಿ ಹುಡುಕಬೇಕು. ರೆಕ್ಕೆಯ ಅಂಚಿನಲ್ಲಿ ಮಂಜುಗಡ್ಡೆ ಕಟ್ಟಿದರೆ ಅಲ್ಲಿರುವ ರಬ್ಬರ್ ಪಟ್ಟಿಗಳನ್ನು ಉಬ್ಬಿಸಿ ಒಡೆದು ಉದುರಿಸಬೇಕು. ಹವೆ, ವೇಗ, ಎತ್ತರ, ಶಕ್ತಿ ಈ ನಾಲ್ಕರ ಲೆಕ್ಕ ಇಲ್ಲಿ ತಲೆಯಲ್ಲೂ ಕೈಯಲ್ಲೂ ಒಟ್ಟಿಗೆ ನಡೆಯುತ್ತದೆ. ಹಾಗೆಂದು ಇದು ಹಳೆಯ ಕಾಲದ ಬಂಡಿಯಲ್ಲ. ಎಟಿಆರ್‌ನ 600 ಸರಣಿಯ ಕಾಕ್‌ಪಿಟ್ ಪೂರ್ತಿ ಪರದೆಗಳದ್ದು, ಅಲ್ಲಿ ಕಲಿತ ಕಣ್ಣಿಗೆ ಏರ್‌ಬಸ್‌ನ ಪರದೆ ಹೊಸ ಲಿಪಿಯಂತೆ ಕಾಣುವುದಿಲ್ಲ.

ಟರ್ಬೊಪ್ರಾಪಿನಿಂದ ಜೆಟ್ಟಿಗೆ ಹತ್ತುವ ಈ ಏಣಿ ನಮ್ಮ ದೇಶಕ್ಕೆ ಹೊಸದೂ ಅಲ್ಲ. ಇಂಡಿಯನ್ ಏರ್‌ಲೈನ್ಸ್ ಕಾಲದಲ್ಲಿ ಫೋಕರ್ ಫ್ರೆಂಡ್‌ಶಿಪ್, ಆವ್ರೊ ವಿಮಾನಗಳೇ ಎಳೆಯರ ಗರಡಿಮನೆ, ಎರಡೂ ಟರ್ಬೊಪ್ರಾಪ್. 1985ರಲ್ಲಿ ಕ್ಯಾಪ್ಟನ್ ಸೌದಾಮಿನಿ ದೇಶಮುಖ್ ಮತ್ತು ನಿವೇದಿತಾ ಭಾಸಿನ್ ಅವರು ಮಹಿಳೆಯರೇ ನಡೆಸಿದ ಹಾರಾಟದಲ್ಲಿ ಕಲ್ಕತ್ತೆಯಿಂದ ಸಿಲ್ಚರಿಗೆ ಕೊಂಡೊಯ್ದದ್ದು ಫೋಕರ್ ವಿಮಾನವನ್ನು. ಐದು ವರ್ಷ ತುಂಬುವ ಮೊದಲೇ, 1990ರ ಜನವರಿ 1ರಂದು, ನಿವೇದಿತಾ ಅವರು 26ನೇ ವಯಸ್ಸಿನಲ್ಲಿ ಬೋಯಿಂಗ್ 737 ಜೆಟ್ಟಿನ ಕಮಾಂಡರ್ ಆದರು. ಪ್ರೊಪೆಲರಿನಲ್ಲಿ ಕಳೆದ ವರ್ಷಗಳು ಅವರನ್ನು ಹಿಂದಕ್ಕೆಳೆಯಲಿಲ್ಲ. ನಮ್ಮವರೇ ಆದ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ 2003ರಲ್ಲಿ ಏರ್ ಡೆಕ್ಕನ್ ಆರಂಭಿಸಿದ್ದೂ ಎಟಿಆರ್‌ಗಳಿಂದಲೇ. ಹುಬ್ಬಳ್ಳಿ, ಮಂಗಳೂರಿನಂಥ ಊರುಗಳ ಜನರಿಗೆ ಅಗ್ಗದ ವಿಮಾನವೆಂದರೆ ಆಗ ಫ್ಯಾನಿನ ವಿಮಾನ. ಚಿಕ್ಕ ಊರುಗಳಿಗಾಗಿ 2017ರಲ್ಲಿ ಶುರುವಾದ ಉಡಾನ್ ಯೋಜನೆಯ ಹಾರಾಟಗಳ ಭಾರವನ್ನೂ ಬಹುಮಟ್ಟಿಗೆ ಅದೇ ಫ್ಯಾನು ಹೊತ್ತಿತು.

ಈಗ ಆಕ್ಷೇಪಗಳಿಗೆ ಬರುತ್ತೇನೆ. ಮೊದಲನೆಯದು ಲೆಕ್ಕದ್ದು, ಗಟ್ಟಿಯಾದದ್ದು. 2023ರ ಫೆಬ್ರವರಿಯಲ್ಲಿ ಏರ್ ಇಂಡಿಯಾ 470 ವಿಮಾನಗಳ ಖರೀದಿ ಪ್ರಕಟಿಸಿತು, ಜೂನ್‌ನಲ್ಲಿ ಇಂಡಿಗೊ 500. ಎಲ್ಲವೂ ಜೆಟ್ಟುಗಳೇ. ಇದೇ ಇಂಡಿಗೊ 2017ರಲ್ಲಿ ಬೇಡಿದ ಎಟಿಆರ್‌ಗಳು 50. ಸೀಟು ಎಲ್ಲಿದೆಯೋ ಅಲ್ಲಿಗೆ ಹೋಗುವುದೇ ಜಾಣತನ, ಏರ್‌ಬಸ್ ಬಾಗಿಲು ತೆರೆದಿರುವಾಗ ಎಟಿಆರ್ ಅಂಗಳದಲ್ಲಿ ನಿಲ್ಲುವುದು ಯಾಕೆ ಎಂದು ಕೇಳುವವರಿದ್ದಾರೆ. ಬಾಗಿಲು ನಿಜವಾಗಿ ತೆರೆದಿದ್ದರೆ, ಕೈಗೆ ಬಂದ ತುತ್ತನ್ನು ಬಿಡಿ ಎಂದು ನಾನು ಹೇಳುವುದಿಲ್ಲ. ಆದರೆ ಬಹುಪಾಲು ಮಕ್ಕಳ ಮುಂದಿರುವ ಆಯ್ಕೆ ‘ಇವತ್ತಿನ ಎಟಿಆರ್ ಅಥವಾ ಇವತ್ತಿನ ಏರ್‌ಬಸ್’ ಎಂಬುದಲ್ಲ. ಅದು ‘ಇವತ್ತಿನ ಎಟಿಆರ್ ಅಥವಾ ಎಂದೋ ಬರಬಹುದಾದ ಏರ್‌ಬಸ್’. ಆರ್ಡರ್ ಕೊಟ್ಟ ವಿಮಾನ ರನ್‌ವೇಗೆ ಬರಲು ವರ್ಷಗಳು ಹಿಡಿಯುತ್ತವೆ. ಹಾರಾಟ ನಿಂತ ಕೈಗೆ ತುಕ್ಕು ಹಿಡಿಯಲು ತಿಂಗಳುಗಳು ಸಾಕು. ಕೈಯಿಂದ ಲಕ್ಷಗಟ್ಟಲೆ ಸುರಿದು ಎ320 ಹಾರಿಸಲು ಬೇಕಾದ ಟೈಪ್ ರೇಟಿಂಗ್ ಮಾಡಿಸಿಕೊಂಡು, ಕೆಲಸವಿಲ್ಲದೆ ಮನೆಯಲ್ಲಿ ಕೂತವರಿಗಿಂತ, ದಿನಕ್ಕೆ ನಾಲ್ಕು ಸೆಕ್ಟರ್ ಹಾರಿಸುವ ಎಟಿಆರ್ ಕೋ-ಪೈಲಟ್ ಮುಂದಿದ್ದಾರೆ ಎಂಬುದು ನನ್ನ ದೃಢ ಅಭಿಪ್ರಾಯ.

ಎರಡನೆಯ ಆಕ್ಷೇಪ ತಾಯಂದಿರದು: ಫ್ಯಾನಿನ ವಿಮಾನ ಅಪಾಯವಲ್ಲವೇ? ಇದನ್ನು ನಗೆಯಾಡಿ ತಳ್ಳಬಾರದು. 2023ರ ಜನವರಿ 15ರಂದು ನೇಪಾಳದ ಪೋಖರಾದಲ್ಲಿ ಎಟಿಆರ್ 72 ಬಿದ್ದು 72 ಮಂದಿ ತೀರಿಕೊಂಡರು. ಫ್ಲ್ಯಾಪ್ ಲಿವರಿನ ಬದಲು ಪ್ರೊಪೆಲರನ್ನು ನಿಯಂತ್ರಿಸುವ ಲಿವರುಗಳನ್ನು ಎಳೆದುಬಿಟ್ಟದ್ದು ತನಿಖೆಯಲ್ಲಿ ಕಂಡಿತು. 2015ರಲ್ಲಿ ತೈಪೆಯಲ್ಲಿ ಒಂದು ಎಂಜಿನ್ ಸೋತಾಗ ಸರಿಯಿದ್ದ ಇನ್ನೊಂದನ್ನು ಆರಿಸಿದ್ದರಿಂದ 43 ಜೀವಗಳು ಹೋದವು. ಟರ್ಬೊಪ್ರಾಪು ಕೈಯಿಂದ ಹೆಚ್ಚು ಕೇಳುತ್ತದೆ, ತಪ್ಪಿದರೆ ಕ್ಷಮಿಸುವುದು ಕಡಿಮೆ ಎಂಬುದಕ್ಕೆ ಇವೇ ಸಾಕ್ಷಿ. ನನ್ನ ವಾದದ ತಳಹದಿಯೂ ಅದೇ ಗುಣ. ಹೆಚ್ಚು ಕೇಳುವ ಯಂತ್ರವೇ ಹೆಚ್ಚು ಕಲಿಸುವುದು, ಆದರೆ ಕಲಿಸುವವರು ಪಕ್ಕದಲ್ಲಿದ್ದಾಗ ಮಾತ್ರ. ಆದ್ದರಿಂದಲೇ ‘ನಂಬಿಕೆಗೆ ಅರ್ಹವಾದ ಸಂಸ್ಥೆ’ ಎಂಬ ಷರತ್ತನ್ನು ಮೊದಲೇ ಹಾಕಿದ್ದು. ಇನ್ನು ಜೆಟ್ ಎಂದರೆ ಕ್ಷೇಮ ಎಂಬ ಮಾತನ್ನು 2025ರ ಜೂನ್ 12ರ ಜೆಟ್ ವಿಮಾನ ದುರಂತ ಕಂಡ ಈ ಊರಿನಲ್ಲಿ ಯಾರೂ ಹಗುರವಾಗಿ ಆಡಲಾರರು. ಅಂದು ಅಗಲಿದವರಿಗೆ ಈ ವೇದಿಕೆಯಿಂದ ನಮ್ಮ ನಮನ.

ಮೂರನೆಯದು ಕಾಸಿನ ಮಾತು. ಚಿಕ್ಕ ಊರುಗಳಿಗೆ ಹಾರುವ ಕಂಪನಿಗಳು ಬಾಳುವುದಿಲ್ಲ, ಸಂಬಳವೂ ಕಡಿಮೆ, ಸಾಲದ ಕಂತಿಗೆ ಏನು ಗತಿ ಎನ್ನುತ್ತಾರೆ. ಕಣ್ಣೆದುರೇ ಉದಾಹರಣೆಗಳಿವೆ. ಅಹಮದಾಬಾದಿನಿಂದ ಪೋರಬಂದರ್, ನಾಶಿಕ್, ಜಲಗಾಂವ್‌ಗಳಿಗೆ ಎಟಿಆರ್ ಓಡಿಸಿದ, 2020ರಲ್ಲಿ ಬೀದರಿನಿಂದ ಹಾರಾಟ ಆರಂಭಿಸಿದ ಟ್ರೂಜೆಟ್ 2022ರಲ್ಲಿ ನಿಂತಿತು. ಸಾಬರಮತಿ ದಂಡೆಗೂ ಕೇವಡಿಯಾಕ್ಕೂ ನಡುವೆ 2020ರ ಅಕ್ಟೋಬರ್ 31ರಂದು ಆರಂಭವಾದ ಟ್ವಿನ್ ಆಟರ್ ಸೀಪ್ಲೇನ್ ಸೇವೆ ಮರುವರ್ಷವೇ ನಿಂತಿತು. ಒಪ್ಪೋಣ. ಆದರೆ 2012ರಲ್ಲಿ ನಿಂತ ಕಿಂಗ್‌ಫಿಷರ್, 2019ರಲ್ಲಿ ನಿಂತ ಜೆಟ್ ಏರ್‌ವೇಸ್ ದೊಡ್ಡ ಜೆಟ್ಟುಗಳನ್ನೂ ಹಾರಿಸಿದ ಕಂಪನಿಗಳು. 2023ರ ಮೇ ತಿಂಗಳಲ್ಲಿ ನಿಂತ ಗೋ ಫಸ್ಟ್ ಬಳಿ ಇದ್ದದ್ದು ಬರೀ ಎ320 ಕುಟುಂಬದ ವಿಮಾನಗಳು. ಕಂಪನಿ ಮುಳುಗುವುದು ಲೆಕ್ಕಪುಸ್ತಕದ ದೋಷದಿಂದ, ಪ್ರೊಪೆಲರಿನಿಂದಲ್ಲ. ಸಂಬಳದ ಕೊರತೆ ಮಾತ್ರ ನಿಜ, ಅದನ್ನು ಮುಚ್ಚಿಡುವುದಿಲ್ಲ. ಅರ್ಧ ಕೋಟಿ ದಾಟುವ ತರಬೇತಿ ಸಾಲ ಹೊತ್ತ ಮನೆಗೆ ಆ ಕೊರತೆ ಪ್ರತಿ ತಿಂಗಳೂ ಮುಟ್ಟುತ್ತದೆ. ಎದುರು ತಟ್ಟೆಯಲ್ಲಿ ಇಡಬೇಕಾದದ್ದು ಕಮಾಂಡ್. ಚಿಕ್ಕ ವಿಮಾನದ ಎಡಗಡೆಯ ಸೀಟಿನ ಸರದಿ ಸಾಮಾನ್ಯವಾಗಿ ಬೇಗ ಬರುತ್ತದೆ. ಕ್ಯಾಪ್ಟನ್ ಆಗಿ ಹಾರಿದ ಗಂಟೆಗಳಿಗೆ ಮುಂದೆ ಎಲ್ಲಿ ಹೋದರೂ ತೂಕವಿದೆ.

ಎರಡೇ ದಾರಿಯೇ, ನಡುವಿನದೊಂದು ಇಲ್ಲವೇ ಎಂದು ಕೇಳಿದರೆ, ಇದೆ. 2019ರ ನವೆಂಬರ್ 22ರಂದು ಕಲಬುರಗಿ ನಿಲ್ದಾಣ ತೆರೆದಾಗ ಬಂದಿಳಿದದ್ದು ಸ್ಟಾರ್ ಏರ್‌ನ 50 ಸೀಟಿನ ಎಂಬ್ರೇಯರ್, ಚಿಕ್ಕ ಜೆಟ್. ಬೆಳಗಾವಿಯನ್ನು ಈ ಊರಿಗೆ ಸೇರಿಸಿದ್ದೂ ಅದೇ ಕಂಪನಿ. ಎಂಜಿನ್ ಜೆಟ್ಟಿನದಾದರೂ ಸೆಕ್ಟರುಗಳಲ್ಲಿ ಎಷ್ಟೋ ಚಿಕ್ಕವು, ಊರುಗಳೂ ಚಿಕ್ಕವು. ನಾನು ಹೇಳಿದ ಕಲಿಕೆಯ ದೊಡ್ಡ ಪಾಲು ಅಲ್ಲಿಯೂ ಸಿಗುತ್ತದೆ. ನನ್ನ ಮಾತು ಎಂಜಿನ್ನಿನ ಜಾತಿಯ ಬಗ್ಗೆ ಅಲ್ಲ ಎಂಬುದು ಇದರಿಂದ ಸ್ಪಷ್ಟವಾಗಬೇಕು.

ಆದ್ದರಿಂದ ಆಫರ್ ಲೆಟರ್ ಕೈಗೆ ಬಂದಾಗ ವಿಮಾನದ ಫೋಟೊ ನೋಡುವ ಮುನ್ನ ನಾಲ್ಕು ಪ್ರಶ್ನೆ ಕೇಳಿ. ತಿಂಗಳಿಗೆ ಎಷ್ಟು ಗಂಟೆ, ಎಷ್ಟು ಸೆಕ್ಟರ್ ನಿಜವಾಗಿ ಸಿಗುತ್ತದೆ? ಬಾಂಡ್ ಎಷ್ಟು ವರ್ಷ, ಮುರಿದರೆ ಎಷ್ಟು ಕೊಡಬೇಕು? ಸಿಮ್ಯುಲೇಟರ್ ತರಬೇತಿ ಎಲ್ಲಿ, ಕಲಿಸುವವರು ಯಾರು? ಅದೇ ಸಂಸ್ಥೆಯಲ್ಲಿ ಜೆಟ್ಟಿಗೆ ದಾಟುವ ದಾರಿ ಬರಹದಲ್ಲಿದೆಯೇ, ಬಾಯಿಮಾತಿನಲ್ಲಿದೆಯೇ? ಈ ನಾಲ್ಕಕ್ಕೂ ನೆಟ್ಟಗೆ ಉತ್ತರ ಸಿಗದಿದ್ದರೆ ವಿಮಾನ ಯಾವುದಾದರೂ ಸಹಿ ಹಾಕಬೇಡಿ. ವಿಮಾನಯಾನ ಸಂಸ್ಥೆಗಳಿಗೂ ಒಂದು ವಿನಂತಿ: ಎಟಿಆರ್ ವಿಭಾಗವನ್ನು ಸೋತವರ ಕಾಯುವ ಕೋಣೆಯಂತೆ ನಡೆಸಬೇಡಿ. ಅದನ್ನು ಪಾಠಶಾಲೆ ಎಂದು ಒಪ್ಪಿ, ಅದಕ್ಕೆ ತಕ್ಕ ಸಂಬಳ, ತಕ್ಕ ಗುರುಗಳನ್ನು ಕೊಡಿ.

ಪೈಲಟ್‌ನ ಲಾಗ್‌ಬುಕ್ಕಿನಲ್ಲಿ ವಿಮಾನದ ಮಾದರಿಗೊಂದು ಕಾಲಂ ಇರುತ್ತದೆ, ಲ್ಯಾಂಡಿಂಗಿಗೊಂದು ಕಾಲಂ ಇರುತ್ತದೆ. ನೆಂಟರು ಕೇಳುವುದು ಮೊದಲನೆಯದನ್ನು, ಮದುವೆ ಮನೆಯಲ್ಲಿ ಹೇಳಿಕೊಳ್ಳಲೂ ಅದೇ ಚೆಂದ. ಜಡಿಮಳೆಯಲ್ಲಿ ಅಡ್ಡಗಾಳಿಗೆ ಎದುರಾಗಿ ವಿಮಾನವನ್ನು ನೆಲಕ್ಕೆ ತರುವ ಹೊತ್ತಿನಲ್ಲಿ ನೆರವಿಗೆ ಬರುವುದು ಎರಡನೆಯದು. ಇಲ್ಲಿರುವ ಅಪ್ಪ ಅಮ್ಮಂದಿರಲ್ಲಿ ನನ್ನ ಬೇಡಿಕೆ ಒಂದೇ. ಮುಂದಿನ ಸಲ ಮಗನೋ ಮಗಳೋ ಮನೆಗೆ ಬಂದಾಗ ‘ಯಾವ ವಿಮಾನ?’ ಎಂದು ಕೇಳುವ ಬದಲು ‘ಈ ತಿಂಗಳು ಎಷ್ಟು ಸಲ ಇಳಿಸಿದೆ?’ ಎಂದು ಕೇಳಿ.