ತಾತನ ವಾಚು ಹೇಳುವ ಚರಿತ್ರೆ



ಒಂದು ಕಂಪನಿಯ ಚರಿತ್ರೆ ತಿಳಿಯಲು ಅದರ ಲಾಭ-ನಷ್ಟದ ಲೆಕ್ಕವೊಂದೇ ಸಾಲದು. ಅದು ತಯಾರಿಸಿದ ವಸ್ತುವನ್ನು ಕೈಗೆತ್ತಿಕೊಂಡು, 'ಇದು ಹೀಗೇಕಿದೆ?' ಎಂದು ಕೇಳಬೇಕು. ವಿನ್ಯಾಸದ ಅಧ್ಯಯನ ಆರಂಭವಾಗುವುದೇ ಈ ಪ್ರಶ್ನೆಯಿಂದ. ಇದಕ್ಕಾಗಿ ದೂರ ಹೋಗಬೇಕಿಲ್ಲ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲ ಸೀಮೆಯ ನಿಮ್ಮ ಊರಿನಲ್ಲೇ ಹಿರಿಯರನ್ನು ವಿಚಾರಿಸಿ. ಯಾರದಾದರೂ ಪೆಟ್ಟಿಗೆಯಲ್ಲಿ ಎಚ್‌ಎಂಟಿ ಕೈಗಡಿಯಾರ ಸಿಕ್ಕೀತು.

ಯಂತ್ರೋಪಕರಣಗಳ ತಯಾರಿಕೆಗೆಂದು 1953ರಲ್ಲಿ ಸ್ಥಾಪನೆಯಾದ ಹಿಂದೂಸ್ಥಾನ್ ಮೆಷಿನ್ ಟೂಲ್ಸ್, 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಿಂದ ಬೆಂಗಳೂರಿನಲ್ಲಿ ವಾಚು ತಯಾರಿಸತೊಡಗಿತು. ಅದರ 'ಜನತಾ' ವಾಚನ್ನು ನೋಡಿ. ಆಡಂಬರವಿಲ್ಲದ ಡಯಲು. ಪ್ರತಿದಿನ ಕೀ ಕೊಟ್ಟರೆ ಒಳಗಿನ ಸ್ಪ್ರಿಂಗ್ ಬಿಗಿಯುತ್ತದೆ. ಅದು ನಿಧಾನವಾಗಿ ಬಿಚ್ಚಿಕೊಳ್ಳುತ್ತಾ ಮುಳ್ಳುಗಳನ್ನು ನಡೆಸುತ್ತದೆ. ಬ್ಯಾಟರಿಯ ಗೊಡವೆಯಿಲ್ಲ. ಕೆಟ್ಟರೆ ಪೇಟೆಯ ರಿಪೇರಿಯವರು ಬಿಚ್ಚಿ, ಒರೆಸಿ, ಎಣ್ಣೆ ಬಿಟ್ಟು ಕೊಡುತ್ತಿದ್ದರು. ಅಂಧರಿಗಾಗಿ ಇದೇ ಕಂಪನಿ ಬ್ರೈಲ್ ವಾಚನ್ನೂ ತಯಾರಿಸಿತು. ಅದರ ಗಾಜು ತೆರೆದು, ಉಬ್ಬು ಚುಕ್ಕೆಗಳನ್ನೂ ಮುಳ್ಳುಗಳನ್ನೂ ಬೆರಳಿನಿಂದ ಮುಟ್ಟಿ ವೇಳೆ ತಿಳಿಯಬಹುದು. ಯಾರಿಗಾಗಿ ಈ ವಸ್ತು ಎಂಬ ಪ್ರಶ್ನೆಗೆ ಉತ್ತರ ವಿನ್ಯಾಸದಲ್ಲೇ ಇದೆಯಲ್ಲವೆ?

ಮುಂದೆ ಕ್ವಾರ್ಟ್ಜ್ ಬಂತು. ಬ್ಯಾಟರಿಯ ವಿದ್ಯುತ್ತಿನಿಂದ ಸೆಕೆಂಡಿಗೆ 32,768 ಬಾರಿ ಕಂಪಿಸುವ ಹರಳು ಕಾಲವನ್ನು ಅಳೆಯತೊಡಗಿತು. ಕೀ ಕೊಡುವ ಕೆಲಸ ತಪ್ಪಿತು. 1984ರಲ್ಲಿ ಸ್ಥಾಪನೆಯಾಗಿ ಹೊಸೂರಿನಲ್ಲಿ ಕಾರ್ಖಾನೆ ತೆರೆದ ಟೈಟಾನ್, ಕ್ವಾರ್ಟ್ಜನ್ನೇ ನೆಚ್ಚಿತು. ವಾಚನ್ನು ಒಡವೆಯಂತೆ, ಉಡುಗೊರೆಯಂತೆ ರೂಪಿಸಿತು. 2002ರಲ್ಲಿ ಅದು ತಂದ 'ಎಡ್ಜ್' ವಾಚಿನ ದಪ್ಪ ಕೇವಲ 3.5 ಮಿಲಿಮೀಟರ್. ಎಚ್‌ಎಂಟಿಯೂ ಕ್ವಾರ್ಟ್ಜ್ ವಾಚು ತಯಾರಿಸಿತು. ಆದರೂ ಪೈಪೋಟಿಯಲ್ಲಿ ಹಿಂದೆ ಬಿತ್ತು. 2016ರಲ್ಲಿ ಅದರ ವಾಚು ಕಂಪನಿಯನ್ನು ಮುಚ್ಚಲು ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತು.

ಹಾಗಾದರೆ ವಿನ್ಯಾಸವೇ ಎಚ್‌ಎಂಟಿಯನ್ನು ಸೋಲಿಸಿತೆ? ಅವಸರದ ತೀರ್ಮಾನ ಬೇಡ. ಬೆಲೆ, ಮಾರಾಟದ ಜಾಲ, ಸರ್ಕಾರದ ನೀತಿ, ಹೊರಗಿನಿಂದ ಬಂದ ಅಗ್ಗದ ಸರಕು, ಇವೆಲ್ಲವನ್ನೂ ತೂಗಿ ನೋಡಬೇಕು. ವಸ್ತು ಹೇಳಿದ್ದನ್ನು ದಾಖಲೆಯೊಂದಿಗೆ ಹೋಲಿಸಬೇಕು. ಹಳೆಯ ಪತ್ರಿಕೆಗಳ ಜಾಹೀರಾತು, ಸಂಸತ್ತಿನಲ್ಲಿ ಮಂಡಿಸಿದ ವಾರ್ಷಿಕ ವರದಿ, ಬೆಂಗಳೂರಿನ ಜಾಲಹಳ್ಳಿಯಲ್ಲಿರುವ ಎಚ್‌ಎಂಟಿ ವಸ್ತುಸಂಗ್ರಹಾಲಯ, ಇವು ನಿಮಗೆ ನೆರವಾದಾವು.

ಆದರೆ ದಾಖಲೆಗಿಂತ ಮೊದಲು ಜನರ ಬಳಿಗೆ ಹೋಗಿ. ವರದಿ ನಾಳೆಯೂ ಸಿಕ್ಕೀತು. ಮದುವೆಗೆ ಬಂದ ವಾಚನ್ನು ಮೂವತ್ತು ವರ್ಷ ಕಟ್ಟಿದ ಅಜ್ಜ, ಅದರ ಒಳಗನ್ನು ಕಣ್ಣಿಗೆ ಲೆನ್ಸ್ ಸಿಕ್ಕಿಸಿಕೊಂಡು ಕಂಡ ರಿಪೇರಿಯವರು, ಇವರ ಮಾತು ಯಾವ ಕಡತದಲ್ಲೂ ಇಲ್ಲ. ವಾಚು ಎಲ್ಲಿ ಕೊಂಡರು, ಎಷ್ಟು ಕೊಟ್ಟರು, ಯಾವ ಭಾಗ ಮೊದಲು ಸವೆಯಿತು, ಏಕೆ ಬಿಟ್ಟರು ಎಂದು ಕೇಳಿ. ಊರು ಮತ್ತು ತಾರೀಖು ಹಾಕಿ ಬರೆದಿಡಿ. ಈ ರಜೆಯಲ್ಲೇ ಈ ಕೆಲಸ ಆಗಲಿ.