ಮರ ಕೊರೆಯುವ ದುಂಬಿಯೂ ಸುಣ್ಣಕಟ್ಟು ಬೂಷ್ಟೂ



ರಾಜ್ಯೋತ್ಸವದ ಸಭೆಯಲ್ಲಿ ಹುಳುಹುಪ್ಪಟೆಯ ಮಾತೇಕೆ ಎನ್ನಬೇಡಿ. ರಾಮನಗರದ ಕಡೆಯವರು ಇಲ್ಲಿದ್ದರೆ ಸುಣ್ಣಕಟ್ಟು ರೋಗವನ್ನು ಬಲ್ಲರು. ಚೆನ್ನಾಗಿ ಮೇಯುತ್ತಿದ್ದ ರೇಷ್ಮೆಹುಳು ಸತ್ತು, ಸೆಟೆದು, ಸುಣ್ಣ ಬಳಿದಂತೆ ಬೆಳ್ಳಗಾಗುತ್ತದೆ. ಇದಕ್ಕೆ ಕಾರಣ ಒಂದು ಬೂಷ್ಟು ಎಂಬುದನ್ನು ಇಟಲಿಯ ಅಗೊಸ್ಟಿನೊ ಬಸ್ಸಿ ಎಂಬಾತನು 1835ರಲ್ಲಿ ತೋರಿಸಿಕೊಟ್ಟನು. ಬ್ಯೂವೇರಿಯ ಬಾಸಿಯಾನ ಎಂಬ ಅದರ ಹೆಸರಿನಲ್ಲಿಯೇ ಅವನ ನೆನಪು ನಿಂತಿದೆ. ರೈತನ ಮನೆ ಮುರಿಯುವ ಈ ಕುಲದ ಬೂಷ್ಟನ್ನು ಬೇರೊಂದು ಪಿಡುಗಿನ ಮೇಲೆ ಛೂ ಬಿಟ್ಟರೆ ಹೇಗೆ?

1996ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್ನಿನಲ್ಲಿ ಹೊಸದೊಂದು ದುಂಬಿ ಕಂಡಿತು. ಕಪ್ಪು ಮೈ, ಬಿಳಿ ಚುಕ್ಕೆ, ಮೈಗಿಂತ ಉದ್ದವಾದ ಮೀಸೆ. ಚೀನಾದಿಂದ ಸರಕು ತುಂಬಿ ಬಂದ ಮರದ ಪೆಟ್ಟಿಗೆಗಳೊಳಗೆ ಅಡಗಿ ಬಂದ ಅತಿಥಿ ಅದು. ಅದರ ಮರಿಹುಳು ಕಾಂಡದೊಳಗೆ ಒಂದೆರಡು ವರ್ಷ ಸುರಂಗ ತೋಡುತ್ತದೆ. ಹೊರಗೆ ಔಷಧಿ ಎರಚಿದರೆ ಫಲವೇನು? ಸೂರಿನಡಿ ಕುಳಿತವನಿಗೆ ಮಳೆ ತಾಗೀತೆ? ಸಾವಿರಗಟ್ಟಲೆ ಮರಗಳನ್ನು ಕಡಿದು ಚೂರುಮಾಡಬೇಕಾಯಿತು. ಬೀದಿಯ ನೆರಳೇ ಹೋಯಿತು.

ಆದರೆ ದುಂಬಿಯಾಗಿ ಹೊರಬಿದ್ದ ಹೆಣ್ಣು ಕೂಡಲೆ ಮೊಟ್ಟೆಯಿಡುವುದಿಲ್ಲ. ಕೆಲವು ದಿನ ಎಳೆಗೊಂಬೆಗಳ ತೊಗಟೆ ಮೇಯುತ್ತ ಮರದ ಮೇಲೆ ಅಡ್ಡಾಡುತ್ತದೆ. ಬೂಷ್ಟಿಗೆ ಬೇಕಾದುದು ಈ ಬಿಡುವೇ. ಬ್ಯೂವೇರಿಯದ ದಾಯಾದಿ ಜಾತಿಯೊಂದನ್ನು ಬಟ್ಟೆಯ ಪಟ್ಟಿಯ ಮೇಲೆ ಬೆಳೆಸಿ, ಆ ಪಟ್ಟಿಯನ್ನು ಮರಕ್ಕೆ ಸುತ್ತುವ ಉಪಾಯವನ್ನು ಜಪಾನಿನವರು ಮೊದಲೇ ಕಂಡುಕೊಂಡಿದ್ದರು. ಅಮೆರಿಕದ ವಿಜ್ಞಾನಿಗಳು ಅದನ್ನು ದುಂಬಿಯ ತವರಾದ ಚೀನಾದಲ್ಲಿಯೇ ಪರೀಕ್ಷಿಸಿದರು. ತಿನ್ನಬೇಕಾಗಿಲ್ಲ, ತುಳಿದರೆ ಸಾಕು. ಬೀಜಕಣ ಮೈಗೆ ಅಂಟಿ, ಮೊಳೆತು, ಗಟ್ಟಿ ಚಿಪ್ಪನ್ನೂ ತೂತುಮಾಡಿ ಒಳಹೊಕ್ಕು ಕೊಲ್ಲುತ್ತದೆ. ಸಾಯುವ ಮುನ್ನವೇ ಮೊಟ್ಟೆಗಳು ಕಡಮೆಯಾಗುತ್ತವೆ. ಕೂಡುವಾಗ ಜೊತೆಗಾರನಿಗೂ ಕಣ ಅಂಟುತ್ತದೆ.

ಹಾಗೆಂದು ಸಂಜೀವಿನಿ ಸಿಕ್ಕಿತೆಂದು ಕುಣಿಯುವಂತಿಲ್ಲ. ಸುಡುಬಿಸಿಲು ಕಣವನ್ನು ಕೊಲ್ಲುತ್ತದೆ. ಮೇಲಾಗಿ ಇದು ನಿಧಾನದ ಕೆಲಸ. ಷಿಕಾಗೋ ನಗರದಲ್ಲಿ 1998ರಲ್ಲಿ ಕಂಡ ಈ ದುಂಬಿ 2008ರ ವೇಳೆಗೆ ನಿರ್ಮೂಲವಾದುದು ಮರ ಕಡಿದು, ಉಳಿದ ಮರಗಳಿಗೆ ಔಷಧಿ ಉಣಿಸಿದ್ದರಿಂದ, ಬೂಷ್ಟಿನಿಂದಲ್ಲ.

ನಮ್ಮ ನಾಡಿಗೂ ಇದರ ನಂಟು ಉಂಟು. ಆಫ್ರಿಕ ಮೂಲದ ಕಾಫಿ ಕಾಯಿಕೊರಕ 1990ರಲ್ಲಿ ನೀಲಗಿರಿಯ ಗೂಡಲೂರಿನಲ್ಲಿ ಕಾಣಿಸಿಕೊಂಡು ಕೊಡಗಿಗೂ ಬಂದಿತು. ಅದು ಕೊರೆಯುವುದು ಮರವನ್ನಲ್ಲ, ಕಾಯನ್ನು. ಆದರೂ ತೊಗಟೆ ಕೊರೆಯುವ ದುಂಬಿಗಳ ಬಳಗದ್ದೇ. ಅದರ ಮೇಲೆ ಎರಚುವ ಬೂಷ್ಟು ಬಸ್ಸಿಯ ಹೆಸರಿನ ಅದೇ ಬ್ಯೂವೇರಿಯ. ಆದುದರಿಂದ ಊರಿನಲ್ಲಿ ತೋಟವಿರುವವರಿಗೆ ಕಾಗದ ಬರೆಯುವಾಗ ಒಂದು ಮಾತು ಸೇರಿಸಿರಿ: ಪಕ್ಕದಲ್ಲಿ ಹಿಪ್ಪುನೇರಳೆ ಇದ್ದರೆ ಈ ಮದ್ದು ಬೇಡ. ಆ ಸೊಪ್ಪನ್ನು ತಿನ್ನುವ ಹುಳು ಯಾರದೋ ಮನೆಯ ವರ್ಷದ ಅನ್ನ.